ಇ-ಫೆಡ್ ಬರೆಯುವವರು ಇಲ್ಲಿ ಯಾರಾದರೂ ಇದ್ದೀರಾ? ಸೋತಿದ್ದಕ್ಕೆ ಬೇಜಾರಿಲ್ಲ, ಓದದೇ ಸೋಲಿಸಿದ್ದಕ್ಕೆ ಇದೆ

ಕೆಂಪುಹಗ್ಗ

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಪುರುಸೊತ್ತು ಇದ್ದಾಗ ಓದಿ.

ನಾನು ದಾವಣಗೆರೆಯವನು. ಮೂರು ವರ್ಷದಿಂದ ಅಮೆರಿಕದವರು ನಡೆಸುವ ಒಂದು ಇ-ಫೆಡ್‌ನಲ್ಲಿ ಬರೆಯುತ್ತಿದ್ದೇನೆ. ನನ್ನ ಪಾತ್ರದ ಹೆಸರು ಕೆಮ್ಮಣ್ಣು. ಗರಡಿ ಮನೆಯಲ್ಲಿ ಬೆಳೆದ ಪೈಲ್ವಾನ, ಈಗ ಅಮೆರಿಕದ ರಿಂಗಿನಲ್ಲಿ ಆಡುತ್ತಾನೆ. ಅವನ ಫಿನಿಶರ್ ಧೋಬಿ ಪಛಾಡ್, ಅಗಸ ಬಟ್ಟೆ ಒಗೆದ ಹಾಗೆ ಭುಜದ ಮೇಲಿಂದ ಎತ್ತಿ ಎಸೆಯುವ ಪಟ್ಟು.

ಕಳೆದ ವಾರ ಟೈಟಲ್ ಪಂದ್ಯ ಇತ್ತು. ಒಬ್ಬರಿಗೆ ಒಂದೇ ಆರ್‌ಪಿ (ರೋಲ್‌ಪ್ಲೇ, ಅಂದರೆ ಪಾತ್ರಕ್ಕಾಗಿ ಬರೆಯುವ ಬರಹ), 3,000 ಪದದ ಮಿತಿ. ಐದು ರಾತ್ರಿ ಕೂತು ಬರೆದೆ. ಅದರಲ್ಲಿ ಒಂದು ದೃಶ್ಯ ನನಗೆ ತುಂಬಾ ಇಷ್ಟ. ಹುಡುಗನಾಗಿದ್ದಾಗ ಕೆಮ್ಮಣ್ಣು ತಾತನ ಜೊತೆ ಅಖಾಡದ ಮಣ್ಣು ಹದ ಮಾಡುತ್ತಾನೆ. ಜರಡಿ ಹಿಡಿದ ಮಣ್ಣಿಗೆ ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಇಬ್ಬರೂ ಕಾಲಲ್ಲಿ ತುಳಿಯುತ್ತಾರೆ. ತಾತ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಚುಕಿ, ಬೆರಳು ಬಿಡಿಸಿ ನೋಡುತ್ತಾನೆ. ಮಾತಾಡುವುದಿಲ್ಲ. ಆ ಹಿಡಿಯನ್ನು ಮೊಮ್ಮಗನ ಬೆನ್ನಿಗೆ ಸವರಿ ಎದ್ದು ಹೋಗುತ್ತಾನೆ. ಅಲ್ಲಿಂದ ಕಥೆ ಇವತ್ತಿಗೆ ಬರುತ್ತದೆ. ಖಾಲಿ ಸ್ಟೇಡಿಯಂನಲ್ಲಿ ರಿಂಗಿನ ಅಂಚಿಗೆ ಕೂತು ಚಾಂಪಿಯನ್‌ಗೆ ಹೇಳುತ್ತಾನೆ: 'ನಿನ್ನ ರಿಂಗಿನ ಕೆಳಗೆ ಹಲಗೆ ಇದೆ. ಬಿದ್ದರೆ ದೊಡ್ಡ ಸದ್ದು ಬರುತ್ತದೆ. ನಾನು ಬಿದ್ದು ಎದ್ದ ನೆಲ ಸದ್ದು ಮಾಡುವುದಿಲ್ಲ. ನಾನು ಬಿದ್ದಿದ್ದು ನನಗೊಬ್ಬನಿಗೇ ಗೊತ್ತಾಗುತ್ತಿತ್ತು.'

ಸೋತೆ. ಸೋಲಲಿ, ಎದುರಾಳಿ ಚೆನ್ನಾಗಿ ಬರೆಯುವವನೇ. ಆದರೆ ತೀರ್ಪುಗಾರರು ಬರೆದಿದ್ದು ಎರಡು ಸಾಲು. ಬರವಣಿಗೆ ಚೆನ್ನಾಗಿದೆ, ಆದರೆ ಎದುರಾಳಿಯ ಬಗ್ಗೆ ಒಂದು ಮಾತೂ ಇಲ್ಲ ಅಂತ. ಕೊನೆಯ 800 ಪದ ಪೂರ್ತಿ ಚಾಂಪಿಯನ್ ಬಗ್ಗೆಯೇ ಇತ್ತು! ಅಲ್ಲಿವರೆಗೆ ಓದೇ ಇಲ್ಲ. ಅದು ಗೊತ್ತಾದಾಗಿನಿಂದ ಹೊಸ ಫೈಲ್ ತೆರೆಯೋಕೆ ಮನಸ್ಸೇ ಬರುತ್ತಿಲ್ಲ. ಬಿಟ್ಟುಬಿಡಲಾ ಅಂತ ಯೋಚಿಸುತ್ತಿದ್ದೇನೆ. ನಿಮಗೆ ಯಾರಿಗಾದರೂ ಹೀಗೆ ಆಗಿದೆಯಾ?

ರಾತ್ರಿಪಾಳಿ

ಕೆಂಪುಹಗ್ಗ ಅವರೇ, ಮಣ್ಣಿನ ದೃಶ್ಯ ಓದಿ ಒಂದು ಕ್ಷಣ ಸುಮ್ಮನೆ ಕೂತೆ. ಆದರೆ ಇ-ಫೆಡ್ ಅಂದರೆ ಏನು ಅಂತ ನಿಜವಾಗಿಯೂ ಗೊತ್ತಿಲ್ಲ. ಇದು ವಿಡಿಯೋ ಗೇಮಾ? ಚಿಕ್ಕವರಿದ್ದಾಗ ಡಬ್ಲ್ಯೂಡಬ್ಲ್ಯೂಎಫ್ ಟ್ರಂಪ್ ಕಾರ್ಡ್ ಆಡಿದ್ದೇನೆ, ಟೆನ್ ಸ್ಪೋರ್ಟ್ಸ್‌ನಲ್ಲಿ ಅಂಡರ್‌ಟೇಕರ್ ನೋಡಿದ್ದೇನೆ, ಅಷ್ಟೇ. ರೆಸ್ಲಿಂಗ್ ಪಂದ್ಯವನ್ನು ಬರೆದು ಗೆಲ್ಲುವುದು ಹೇಗೆ?

ಹಳೇಬುಕರ್

ರಾತ್ರಿಪಾಳಿ, ನಾನು ಹೇಳುತ್ತೇನೆ. 2000ದ ದಶಕದಲ್ಲಿ ಆರು ವರ್ಷ ಬರೆದಿದ್ದೇನೆ, ಎರಡು ವರ್ಷ ಒಂದು ಫೆಡ್ ನಡೆಸಿದ್ದೇನೆ.

ಟ್ರಂಪ್ ಕಾರ್ಡ್ ನೆನಪಿದೆ ಅಂದಿರಲ್ಲ, ಅಲ್ಲಿಂದಲೇ ಶುರು ಮಾಡೋಣ. ಕಾರ್ಡಿನಲ್ಲಿ ರ‍್ಯಾಂಕ್, ಎತ್ತರ, ತೂಕ, ಎದೆ, ಬೈಸೆಪ್ಸ್ ಇರುತ್ತಿತ್ತು ಅಲ್ವಾ? ಫೆಡ್ ಸೇರುವಾಗ ತುಂಬುವ ಅರ್ಜಿಯೂ ಹಾಗೇ. ಪಾತ್ರದ ಹೆಸರು, ಊರು, ಎತ್ತರ, ತೂಕ, ಒಳ್ಳೆಯವನೋ ಕೆಟ್ಟವನೋ, ಯಾವ ಹಾಡಿಗೆ ಒಳಗೆ ಬರುತ್ತಾನೆ, ಯಾವ ಪಟ್ಟಿನಿಂದ ಪಂದ್ಯ ಮುಗಿಸುತ್ತಾನೆ. ಒಳ್ಳೆಯವನು ಫೇಸ್, ಕೆಟ್ಟವನು ಹೀಲ್. ಪಾತ್ರವನ್ನು ಬರೆಯುವವರಿಗೆ ಹ್ಯಾಂಡ್ಲರ್ ಅನ್ನುತ್ತಾರೆ. ಫೆಡ್ ನಡೆಸುವವರು ವಾರಕ್ಕೋ ಹದಿನೈದು ದಿನಕ್ಕೋ ಒಂದು ಕಾರ್ಡ್ ಹಾಕುತ್ತಾರೆ, ಅಂದರೆ ಯಾರ ಮೇಲೆ ಯಾರು ಅನ್ನುವ ಪಟ್ಟಿ. ಇಬ್ಬರೂ ಡೆಡ್‌ಲೈನ್ ಒಳಗೆ ತಮ್ಮ ಪಾತ್ರದ ಪ್ರೋಮೊ, ಅಂದರೆ ಪಂದ್ಯಕ್ಕೆ ಮುಂಚೆ ಎದುರಾಳಿಗೆ ಹಾಕುವ ಸವಾಲಿನ ಮಾತು, ಬರೆದು ಹಾಕಬೇಕು. ಅದೇ ಆರ್‌ಪಿ. ಯಾರು ಚೆನ್ನಾಗಿ ಬರೆದರೋ ಅವರ ಪಾತ್ರ ಗೆಲ್ಲುತ್ತದೆ. ಆಮೇಲೆ ಇನ್ನೊಬ್ಬರು ಕೂತು ಇಡೀ ಪಂದ್ಯವನ್ನು ಟಿವಿಯಲ್ಲಿ ನೋಡಿದ ಹಾಗೆ ಬರೆಯುತ್ತಾರೆ, ಕಾಮೆಂಟರಿ ಸಮೇತ.

ಇದು ಒಂದು ಬಗೆ. ಇನ್ನೊಂದರಲ್ಲಿ ಯಾರು ಗೆಲ್ಲಬೇಕು ಅಂತ ಮೊದಲೇ ಮಾತಾಡಿಕೊಂಡು ಇಬ್ಬರೂ ಸೇರಿ ಕಥೆ ಕಟ್ಟುತ್ತಾರೆ. ಕಂಪ್ಯೂಟರ್ ಸಿಮ್ಯುಲೇಟರಿಗೆ ಅಂಕಿ ಕೊಟ್ಟು ಫಲಿತಾಂಶ ತೆಗೆಯುವವರೂ ಇದ್ದಾರೆ. ಇಂಟರ್‌ನೆಟ್ ಮನೆಮನೆಗೆ ಬರುವ ಮುಂಚೆ ಅಮೆರಿಕದಲ್ಲಿ ಇದನ್ನು ಅಂಚೆಯಲ್ಲೇ ಆಡುತ್ತಿದ್ದರು, ಕಾಗದ ಬರೆದು ಕಳಿಸಿ ಫಲಿತಾಂಶಕ್ಕೆ ಕಾಯುವುದು. ನಾನು ಸೇರಿದ ಕಾಲಕ್ಕೆ ಏಂಜಲ್‌ಫೈರ್, ಜಿಯೋಸಿಟೀಸ್ ಅನ್ನುವ ಉಚಿತ ವೆಬ್‌ಸೈಟ್ ಪುಟಗಳು. ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ನನ್ನ ಮೊದಲ ಪಾತ್ರದ ಎರಡು ವರ್ಷದ ಬರಹ ಪೂರ್ತಿ ಹೋಯಿತು. ಒಂದು ಪ್ರತಿಯೂ ಇಟ್ಟುಕೊಂಡಿರಲಿಲ್ಲ. ಈಗಲೂ ಕೆಲವು ಸಾಲು ಬಾಯಿಗೆ ಬರುತ್ತವೆ, ಮುಂದಿನ ಸಾಲು ನೆನಪಾಗುವುದಿಲ್ಲ. ಹೊಸಬರಿಗೆ ಕೈಮುಗಿದು ಹೇಳುತ್ತೇನೆ, ನಿಮ್ಮ ಬರಹದ ಪ್ರತಿ ನಿಮ್ಮ ಹತ್ತಿರ ಇರಲಿ.

ಕೆಂಪುಹಗ್ಗ ಅವರೇ, ನಿಮ್ಮ ಪ್ರಶ್ನೆಗೆ ರಾತ್ರಿ ಬರೆಯುತ್ತೇನೆ, ಅದಕ್ಕೆ ಸಮಾಧಾನ ಬೇಕು.

ಬಡಗುಬಾಗಿಲು

ನಾನು ರೆಸ್ಲಿಂಗ್ ನೋಡುವವನಲ್ಲ. ಕುಂದಾಪುರದ ಕಡೆಯವನು, ತಾಳಮದ್ದಳೆ ಹುಚ್ಚು. ಆದರೂ ಇಲ್ಲಿ ಒಂದು ಮಾತು ಹೇಳಲೇಬೇಕು ಅನಿಸಿತು.

ನೀವು ಹೇಳುತ್ತಿರುವುದು ನಮಗೆ ಹೊಸದೇನಲ್ಲ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಮಾತಲ್ಲೇ ಯುದ್ಧ ಮಾಡುತ್ತಾರೆ. ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ವಾಲಿವಧೆಯಲ್ಲಿ ವಾಲಿ ಸಾಯುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜನ ನಿದ್ದೆಗೆಟ್ಟು ಕೂರುವುದು ಯಾಕೆ? ಬಾಣ ತಾಗಿ ಬಿದ್ದ ವಾಲಿ ರಾಮನಿಗೆ ಏನು ಕೇಳುತ್ತಾನೆ ಅಂತ ಕೇಳೋಕೆ. ಮರೆಯಲ್ಲಿ ನಿಂತು ಹೊಡೆದೆಯಲ್ಲ, ನನಗೂ ನಿನಗೂ ಏನು ವೈರ ಇತ್ತು? ಸೋತವನ ಪ್ರಶ್ನೆಗೆ ಗೆದ್ದವನು ಬೆವರಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥ ಕೇಳಿದ ಹಿರಿಯರು ನಮ್ಮ ಕಡೆ ಇವತ್ತಿಗೂ ಆ ಮಾತುಗಳನ್ನು ನೆನೆಸುತ್ತಾರೆ. ಅವತ್ತು ಯಾರ ಪಾತ್ರ ಗೆದ್ದಿತು ಅಂತ ಯಾರೂ ಕೇಳುವುದಿಲ್ಲ.

ಆದರೆ ಒಂದು ವ್ಯತ್ಯಾಸ ಇದೆ ನೋಡಿ. ಅಲ್ಲಿ ಎದುರಿಗೆ ಕೂತವನು ಕೇಳಿಸಿಕೊಳ್ಳಲೇಬೇಕು. ಇಲ್ಲದಿದ್ದರೆ ಉತ್ತರ ಕೊಡೋಕೆ ಆಗುವುದಿಲ್ಲ. ನಿಮ್ಮ ಆಟದಲ್ಲಿ ತೀರ್ಪುಗಾರರು ಓದಿಲ್ಲ, ಸರಿ. ಎದುರಾಳಿ ಓದಿದ್ದಾರಾ? ಅವರನ್ನು ಕೇಳಿದಿರಾ?

ಕೆಂಪುಹಗ್ಗ

ಬಡಗುಬಾಗಿಲು ಅವರೇ, ಇಲ್ಲ, ಕೇಳಿಲ್ಲ. ಸೋತ ಮೇಲೆ ಅಭಿನಂದನೆ ಅಂತ ಒಂದು ಸಾಲು ಹಾಕಿ ಸುಮ್ಮನಾದೆ.

ವಾಲಿಯ ಮಾತು ಎದೆಗೆ ತಾಗಿತು. ಮೂರು ವರ್ಷ ಈ ಆಟ ಆಡಿದರೂ ಹೀಗೆ ಯೋಚಿಸಿರಲಿಲ್ಲ.

ಮೂರನೇಕಣ್ಣು

ನಾನು ಈಗಲೂ ಒಂದು ಫೆಡ್‌ನಲ್ಲಿ ತೀರ್ಪು ಕೊಡುವವನು, ಸ್ವಲ್ಪ ನಮ್ಮ ಕಡೆಯ ಮಾತೂ ಕೇಳಿ.

ದೊಡ್ಡ ಶೋ ಅಂದರೆ ಏಳು ಪಂದ್ಯ, ಅಂದರೆ ಹದಿನಾಲ್ಕು ಆರ್‌ಪಿ. ಒಂದೊಂದು 3,000 ಪದ ಅಂದರೆ 42,000 ಪದ ಆಯಿತು. ಅರ್ಧಕ್ಕಿಂತ ಜಾಸ್ತಿ ಜನ ಕೊನೆಯ ಎರಡು ಗಂಟೆಯಲ್ಲಿ ಹಾಕುತ್ತಾರೆ. ಫಲಿತಾಂಶ ಎರಡು ದಿನದಲ್ಲಿ ಬೇಕು, ಯಾಕೆಂದರೆ ಪಂದ್ಯ ಬರೆಯುವವರು ಕಾಯುತ್ತಿರುತ್ತಾರೆ. ಇದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಆಫೀಸು ಮುಗಿಸಿ ಬಂದು, ಮಗುವನ್ನು ಮಲಗಿಸಿ, ಆಮೇಲೆ ಓದೋಕೆ ಕೂರುತ್ತೇನೆ. ಹತ್ತನೇ ಆರ್‌ಪಿ ಹೊತ್ತಿಗೆ ಕಣ್ಣು ಉರಿಯುತ್ತಿರುತ್ತದೆ.

ಆದರೂ ಕೆಂಪುಹಗ್ಗ ಅವರಿಗೆ ಆಗಿದ್ದು ತಪ್ಪು. ಪೂರ್ತಿ ಓದೋಕೆ ಆಗದಿದ್ದರೆ ಇನ್ನೊಂದು ದಿನ ಕೇಳಬೇಕು. ಓದದೇ ಬರೆದ ಎರಡು ಸಾಲು ಏನೂ ಬರೆಯದೇ ಇರುವುದಕ್ಕಿಂತ ಕೆಟ್ಟದ್ದು. ನನ್ನಿಂದಲೂ ಒಮ್ಮೆ ಹೀಗೆ ಆಗಿತ್ತು. ಒಬ್ಬ ಹುಡುಗ, ಅವನ ಎರಡನೇ ಆರ್‌ಪಿ, ನಾನು ಮೇಲ್ಮೇಲೆ ಓದಿ ಏನೋ ಬರೆದೆ. ಅವನು ಮತ್ತೆ ಬರಲಿಲ್ಲ. ಒಂದು ತಿಂಗಳ ಮೇಲೆ ಕೂತು ಸರಿಯಾಗಿ ಓದಿದರೆ, ಅದು ಆ ವಾರದ ಎಲ್ಲಕ್ಕಿಂತ ಚೆನ್ನಾಗಿತ್ತು. ಅವನಿಗೆ ಮೆಸೇಜ್ ಹಾಕಿದೆ. ಉತ್ತರ ಬರಲಿಲ್ಲ. ಆವತ್ತಿನಿಂದ ಪ್ರತಿ ಆರ್‌ಪಿಯಿಂದ ಒಂದು ಸಾಲನ್ನಾದರೂ ಎತ್ತಿ ತೋರಿಸಿಯೇ ಅಭಿಪ್ರಾಯ ಬರೆಯುತ್ತೇನೆ.

ಗೌರಿಬಿದನೂರ್ ಎಕ್ಸ್‌ಪ್ರೆಸ್

ಮೂರನೇಕಣ್ಣು ಸರ್, 3,000 ಪದವೇ ಜಾಸ್ತಿ ಅಂತ ನನ್ನ ಅಭಿಪ್ರಾಯ. ರೆಸ್ಲಿಂಗ್ ಪ್ರೋಮೊ ಅಂದರೆ ಮೈಕ್ ಹಿಡಿದು ಮೂರು ನಿಮಿಷ ಮಾತಾಡುವುದು. 1996ರ ಡಬ್ಲ್ಯೂಡಬ್ಲ್ಯೂಎಫ್ ಕಿಂಗ್ ಆಫ್ ದಿ ರಿಂಗ್ ಟೂರ್ನಿ ನೋಡಿ, ಗೆದ್ದ ಸ್ಟೋನ್ ಕೋಲ್ಡ್ ಸ್ಟೀವ್ ಆಸ್ಟಿನ್ ಕೆಲವೇ ನಿಮಿಷ ಮಾತಾಡಿದ್ದು, ಆಸ್ಟಿನ್ 3:16 ಅನ್ನುವುದು ಟೀ-ಶರ್ಟ್ ಮೇಲೆ ಪ್ರಪಂಚ ಸುತ್ತಿತು. ನಾವು ಅಜ್ಜ, ಅಜ್ಜಿ, ಬಾಲ್ಯ, ಮಳೆ ಎಲ್ಲ ಬರೆದು ಕೊನೆಗೆ ಎದುರಾಳಿಗೆ ನಾಲ್ಕು ಮಾತು ಹೇಳುತ್ತೇವೆ. 1,000 ಪದದ ಮಿತಿ ಇಟ್ಟರೆ ಎಲ್ಲರೂ ಓದುತ್ತಾರೆ. ಕೆಂಪುಹಗ್ಗ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಆ ಎಂಟುನೂರು ಪದ ಮೊದಲೇ ಬಂದಿದ್ದರೆ ಈ ತೊಂದರೆ ಆಗುತ್ತಿರಲಿಲ್ಲ.

ಕೆಂಪುಹಗ್ಗ

ಬೇಜಾರಿಲ್ಲ ಸರ್. ಆದರೆ ಒಪ್ಪುವುದಿಲ್ಲ. ಸ್ಟೋನ್ ಕೋಲ್ಡ್‌ಗೆ ಮುಖ ಇತ್ತು, ದನಿ ಇತ್ತು, ಎದುರಿಗೆ ಸಾವಿರಾರು ಜನ ಇದ್ದರು. ನನಗೆ ಇರುವುದು ಅಕ್ಷರ ಮಾತ್ರ. ತಾತನ ಮುಷ್ಟಿ ನೋಡದೇ ಇದ್ದವರಿಗೆ 'ನೆಲ ಸದ್ದು ಮಾಡುವುದಿಲ್ಲ' ಅನ್ನುವುದು ಬರೀ ಡೈಲಾಗ್ ಆಗುತ್ತದೆ.

ಸಂಪಿಗೆ_ಹೀಲ್

ಉದ್ದ-ಗಿಡ್ಡದ ಜಗಳ ಪ್ರತಿ ಫೆಡ್‌ನಲ್ಲೂ ಇದೆ, ಮುಗಿಯುವುದಿಲ್ಲ. ನನ್ನ ನೋವು ಬೇರೆ, ಹೇಳಿಕೊಳ್ಳುತ್ತೇನೆ.

ನಾನು ನಾಲ್ಕು ವರ್ಷದಿಂದ ಒಬ್ಬಳು ಹೀಲ್ ಪಾತ್ರ ಬರೆಯುತ್ತಿದ್ದೇನೆ. ಮೋಸ ಮಾಡುತ್ತಾಳೆ, ಸುಳ್ಳು ಹೇಳುತ್ತಾಳೆ, ಜೊತೆಗಾರ್ತಿಯ ಬೆನ್ನಿಗೆ ಕುರ್ಚಿಯಲ್ಲಿ ಹೊಡೆದಿದ್ದಾಳೆ. ಆ ಕುರ್ಚಿ ಏಟು ಬರೆದ ರಾತ್ರಿ ನನ್ನ ವೈಯಕ್ತಿಕ ಮೆಸೇಜಿಗೆ ಒಬ್ಬರು ಬೈಗುಳ ಕಳಿಸಿದರು. ಪಾತ್ರಕ್ಕಲ್ಲ, ನನಗೆ. ನೀನು ನಿಜವಾಗಿಯೂ ಇಂಥವಳೇ ಇರಬೇಕು ಅಂತ. ಕೈ ನಡುಗಿತು. ಹೊಡೆಸಿಕೊಂಡ ಪಾತ್ರ ಬರೆಯುವವಳು ನನ್ನ ಗೆಳತಿ, ಅವಳಿರುವುದು ಕೆನಡಾದಲ್ಲಿ. ಆ ದೃಶ್ಯವನ್ನು ನಾವಿಬ್ಬರೂ ಮೂರು ವಾರ ಸೇರಿ ಕಟ್ಟಿದ್ದೆವು, ಕುರ್ಚಿ ಯಾವ ಹೊತ್ತಿಗೆ ಬರಬೇಕು ಅನ್ನುವುದು ಅವಳದೇ ಯೋಚನೆ.

ರೆಸ್ಲಿಂಗ್‌ನಲ್ಲಿ ಕೇಫೇಬ್ ಅಂತ ಒಂದು ಮಾತಿದೆ, ಕಥೆಯನ್ನು ನಿಜ ಅನ್ನುವ ಹಾಗೆಯೇ ನಡೆಸಿಕೊಂಡು ಹೋಗುವುದು. 1989ರಲ್ಲೇ ವಿನ್ಸ್ ಮೆಕ್‌ಮಹನ್ ಕಂಪನಿ ಡಬ್ಲ್ಯೂಡಬ್ಲ್ಯೂಎಫ್‌ನವರು ನ್ಯೂಜೆರ್ಸಿಯಲ್ಲಿ ಸರ್ಕಾರದ ಮುಂದೆ ಇದು ಮನರಂಜನೆ, ಸ್ಪರ್ಧೆ ಅಲ್ಲ ಅಂತ ಒಪ್ಪಿಕೊಂಡಿದ್ದಾರೆ. ಟಿವಿ ಮುಂದೆ ಕೂತವರಿಗೆ ಗೊತ್ತಿರುವ ಈ ವಿಷಯ ನಮ್ಮ ಜೊತೆಯಲ್ಲೇ ಬರೆಯುವವರಿಗೆ ಯಾಕೆ ಮರೆತುಹೋಗುತ್ತದೆ ಅಂತ ನನಗೆ ಅರ್ಥವಾಗುವುದಿಲ್ಲ.

ಫೆಡ್ ನಡೆಸುವವರು ಆ ವ್ಯಕ್ತಿಯನ್ನು ತೆಗೆದರು. ಅದಕ್ಕೆ ಅವರಿಗೆ ಋಣಿ. ಆದರೆ ಆಮೇಲೆ ಎರಡು ತಿಂಗಳು ನನ್ನ ಹೀಲ್ ಮೆತ್ತಗಾದಳು. ಮಾತು ಬರೆದು ಅಳಿಸುತ್ತಿದ್ದೆ, ಇದು ಜಾಸ್ತಿ ಆಯಿತಾ ಅಂತ. ಗೆಳತಿಯೇ ಒಂದು ದಿನ ಫೋನ್ ಮಾಡಿ, 'ನೀನು ನನ್ನ ಪಾತ್ರಕ್ಕೆ ಹೆದರುವ ಹಾಗೆ ಏನೂ ಬರೆಯುತ್ತಿಲ್ಲ, ಹೀಗಾದರೆ ಅವಳು ಎದ್ದು ನಿಲ್ಲೋದು ಯಾತಕ್ಕೆ?' ಅಂದಳು. ಅವತ್ತು ಸಂಜೆ ಕೂತು ಬರೆದ ಪ್ರೋಮೊ ನಾನು ಬರೆದಿದ್ದರಲ್ಲೆಲ್ಲ ಗಟ್ಟಿ.

ಹಳೇಬುಕರ್

ಸಂಪಿಗೆ ಮೇಡಂ, ನಿಮ್ಮ ಗೆಳತಿ ಹೇಳಿದ್ದು ಸರಿ. ಹೀಲ್ ಬರೆಯುವುದು ಎದುರಿನವರಿಗೆ ಕೊಡುವ ಉಡುಗೊರೆ. ಹೊಸಬರು ಮೂರು ವಾರಕ್ಕೊಮ್ಮೆ ಒಳ್ಳೆಯವನನ್ನು ಕೆಟ್ಟವನು ಮಾಡುತ್ತಾರೆ, ಏನೋ ದೊಡ್ಡ ತಿರುವು ಅಂತ. ಹಲ್ಕ್ ಹೋಗನ್ 1996ರ ಜುಲೈ 7ರಂದು ಹೀಲ್ ಆದಾಗ ಜನ ರಿಂಗಿಗೆ ಕಸ ಎಸೆದರು. ಅದಕ್ಕೆ ಮುಂಚೆ ಹತ್ತು ವರ್ಷಕ್ಕೂ ಜಾಸ್ತಿ ಮಕ್ಕಳ ಹೀರೋ ಆಗಿದ್ದ ಮನುಷ್ಯ. ಆ ವರ್ಷಗಳು ಇಲ್ಲದೇ ಆ ಕಸ ಬೀಳುತ್ತಿರಲಿಲ್ಲ.

ಈಗ ಕೆಂಪುಹಗ್ಗ ಅವರಿಗೆ. ನಾನು ಫೆಡ್ ನಡೆಸುವುದನ್ನು ಬಿಟ್ಟಿದ್ದು ನೋ-ಶೋ ಕಾಟಕ್ಕೆ. ಒಬ್ಬರು ಒಂದು ವಾರ ಕೂತು ಬರೆದಿರುತ್ತಾರೆ, ಎದುರಿನವರು ಏನೂ ಹಾಕುವುದಿಲ್ಲ, ಒಂದು ಮಾತೂ ಹೇಳುವುದಿಲ್ಲ. ಬರೆದವರು ಗೆಲ್ಲುತ್ತಾರೆ. ಆ ಗೆಲುವನ್ನು ಯಾರೂ ಸಂತೋಷದಿಂದ ತೆಗೆದುಕೊಂಡಿದ್ದು ನಾನು ನೋಡಿಲ್ಲ. ಕೊನೆಯ ಶೋನಲ್ಲಿ ಎಂಟು ಪಂದ್ಯದಲ್ಲಿ ಐದು ನೋ-ಶೋ. ಪಂದ್ಯ ಬರೆಯುವವರೂ ಕೈಕೊಟ್ಟರು. ಎಂಟೂ ನಾನೇ ಬರೆದೆ, ಬೆಳಗಿನ ಜಾವ ನಾಲ್ಕು ಗಂಟೆಗೆ ಹಾಕಿ, ಮುಚ್ಚುತ್ತಿದ್ದೇನೆ ಅಂತ ಪ್ರಕಟಿಸಿದೆ.

ಆ ಶೋ ಓದಿ ಒಬ್ಬರೇ ಒಬ್ಬರು ಉತ್ತರ ಬರೆದರು. ಎರಡನೇ ಪಂದ್ಯದಲ್ಲಿ ಸೋತವನು ಎದ್ದು ತನ್ನ ಮೊಣಕೈ ಪಟ್ಟಿಯನ್ನು ಮುಂದಿನ ಸಾಲಿನ ಮಗುವಿಗೆ ಕೊಟ್ಟು ಹೋಗುತ್ತಾನೆ ಅಂತ ಸುಮ್ನೆ ಒಂದು ಸಾಲು ಸೇರಿಸಿದ್ದೆ. ಆ ಪಾತ್ರ ಅವರದು. 'ನನ್ನವನು ಅದನ್ನೇ ಮಾಡುತ್ತಿದ್ದ, ನಿಮಗೆ ಹೇಗೆ ಗೊತ್ತಾಯಿತು?' ಅಂತ ಕೇಳಿದ್ದರು. ಅವರು ಬರೆದ ಎಲ್ಲವನ್ನೂ ನಾನು ಓದಿದ್ದೆ, ಅದಕ್ಕೇ ಗೊತ್ತಾಯಿತು. ಈಗಲೂ ಅವರು ನನಗೆ ಯುಗಾದಿ, ಕ್ರಿಸ್‌ಮಸ್ ಎರಡಕ್ಕೂ ಮೆಸೇಜ್ ಮಾಡುತ್ತಾರೆ. ಓಹಾಯೋದಲ್ಲಿದ್ದಾರೆ. ಮುಖ ನೋಡಿಲ್ಲ.

ಬಿಡಬೇಡಿ ಅಂತ ನಾನು ಹೇಳುವುದಿಲ್ಲ, ನಾನೇ ಬಿಟ್ಟವನು. ಆದರೆ ಬಡಗುಬಾಗಿಲು ಅವರು ಕೇಳಿದ್ದನ್ನು ಮಾಡಿ. ಎದುರಾಳಿಯನ್ನು ಕೇಳಿ.

ರಾತ್ರಿಪಾಳಿ

ಅಮೆರಿಕದವರ ಡೆಡ್‌ಲೈನ್ ನಮಗೆ ಯಾವ ಹೊತ್ತಿಗೆ ಬರುತ್ತದೆ? ನಾನು ಸೇರಬೇಕು ಅಂದುಕೊಂಡಿದ್ದೇನೆ, ಅದಕ್ಕೆ ಕೇಳುತ್ತಿದ್ದೇನೆ.

ಸಂಪಿಗೆ_ಹೀಲ್

ಸೇರಿ, ಖಂಡಿತ ಸೇರಿ! ಹೆಚ್ಚು ಫೆಡ್‌ಗಳಲ್ಲಿ ಅಮೆರಿಕದ ಪೂರ್ವ ಕರಾವಳಿಯ ಭಾನುವಾರ ರಾತ್ರಿ 11:59. ನಮಗೆ ಅದು ಬೇಸಿಗೆಯಲ್ಲಿ ಸೋಮವಾರ ಬೆಳಿಗ್ಗೆ 9:29, ಚಳಿಗಾಲದಲ್ಲಿ 10:29. ಅವರು ಮಾರ್ಚ್ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದೆ. ಮಾರ್ಚ್‌ನದು ನೆನಪಿಟ್ಟುಕೊಳ್ಳಿ. ನಾನು ಒಂದು ವರ್ಷ ಆ ಸೋಮವಾರ 9:50ಕ್ಕೆ ಇನ್ನೂ ನಲವತ್ತು ನಿಮಿಷ ಇದೆ ಅಂದುಕೊಂಡು ಕೊನೆಯ ಪ್ಯಾರಾ ತಿದ್ದುತ್ತಾ ಕೂತಿದ್ದೆ. ಡೆಡ್‌ಲೈನ್ ಆಗಲೇ ಮುಗಿದಿತ್ತು. ಪೂರ್ತಿ ಬರೆದಿಟ್ಟಿದ್ದು ನೋ-ಶೋ ಆಯಿತು, ಎದುರಾಳಿಗೆ ಎಷ್ಟು ಸಲ ಕ್ಷಮೆ ಕೇಳಿದರೂ ಸಮಾಧಾನ ಆಗಲಿಲ್ಲ. ಅವರು ನನ್ನ ಆರ್‌ಪಿ ತರಿಸಿಕೊಂಡು ಓದಿದರು, ಅದೇ ನೆಮ್ಮದಿ.

ಕೆಂಪುಹಗ್ಗ

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಧೈರ್ಯ ಮಾಡಿ ಚಾಂಪಿಯನ್ ಹ್ಯಾಂಡ್ಲರ್‌ಗೆ ಮೆಸೇಜ್ ಹಾಕಿದೆ. ನನ್ನ ಆರ್‌ಪಿ ಓದಿದಿರಾ, ಓದಿದ್ದರೆ ಏನು ಅನಿಸಿತು, ಅಷ್ಟೇ ಕೇಳಿದ್ದು.

ಬೆಳಿಗ್ಗೆ ಎದ್ದು ನೋಡಿದರೆ ಉತ್ತರ ಬಂದಿದೆ, ನಾಲ್ಕು ಪ್ಯಾರಾ. ಎರಡು ಸಲ ಓದಿದ್ದಾರಂತೆ. ತಾತ ಮಣ್ಣು ಹಿಚುಕಿ ಏನು ನೋಡುತ್ತಾನೆ ಅಂತ ಕೇಳಿದ್ದಾರೆ. ಉಂಡೆ ಕಟ್ಟಿ ಅಂಟಿದರೆ ಹಸಿ ಜಾಸ್ತಿ, ಬೆರಳ ಸಂದಿಯಿಂದ ಸೋರಿದರೆ ಒಣಗಿದೆ, ಹಿಡಿದಾಗ ನಿಂತು ಬಿಟ್ಟಾಗ ಬಿರಿದರೆ ಹದ, ಅಂತ ವಿವರಿಸಿದೆ. ಆಮೇಲೆ ಅವರು ತಮ್ಮ ಮುಂದಿನ ಆರ್‌ಪಿಯ ಕರಡನ್ನು ಕಳಿಸಿದರು. ಅದರಲ್ಲಿ ಚಾಂಪಿಯನ್ ಪಂದ್ಯ ಮುಗಿಸಿ ಹೋಟೆಲ್ ರೂಮಿಗೆ ಬಂದು ಬೆಲ್ಟ್ ಅನ್ನು ಹಾಸಿಗೆ ಮೇಲೆ ಇಡುತ್ತಾನೆ. ಅದರ ಹಿಂಬದಿ ಚರ್ಮದ ಮೇಲೆ ಅರಿಶಿನದ ಕಲೆ. ಎಲ್ಲಿಂದ ಬಂತು ಗೊತ್ತಿಲ್ಲ. ನೀರು ಹಾಕಿ ಉಜ್ಜುತ್ತಾನೆ, ಹೋಗುವುದಿಲ್ಲ. ಬಲ್ಬ್ ಆರಿಸಿ ಮಲಗುತ್ತಾನೆ, ಮತ್ತೆ ಎದ್ದು ಉಜ್ಜುತ್ತಾನೆ.

ಇದನ್ನು ಓದಿ ಕಣ್ಣು ತುಂಬಿತು. ನಾನು ಸೋತ ಪಂದ್ಯದಿಂದ ಅವರು ಮುಂದಿನ ಕಥೆ ತೆಗೆದಿದ್ದಾರೆ. ತೀರ್ಪುಗಾರರಿಗೂ ಬರೆದಿದ್ದೇನೆ, ಕೊನೆಯ ಭಾಗ ಓದಿ ಅಂತ ಮರ್ಯಾದೆಯಿಂದಲೇ. ಫಲಿತಾಂಶ ಬದಲಿಸುವುದು ಬೇಡ ಅಂತಲೂ ಹೇಳಿದೆ. ಇನ್ನೂ ಉತ್ತರ ಬಂದಿಲ್ಲ.

ಮರುಪಂದ್ಯ ಹಾಕಿದ್ದಾರೆ. ಡೆಡ್‌ಲೈನ್ ಸೋಮವಾರ 9:29.

ಬಡಗುಬಾಗಿಲು ಅವರೇ, ಒಂದು ಸಹಾಯ ಬೇಕು. ವಾಲಿವಧೆಯ ಒಳ್ಳೆಯ ರೆಕಾರ್ಡಿಂಗ್ ಇದ್ದರೆ ಕಳಿಸುತ್ತೀರಾ? ಬಿದ್ದವನು ಎದ್ದು ನಿಲ್ಲದೇ, ಮಲಗಿದಲ್ಲಿಂದಲೇ ಮಾತಾಡುವುದು ಹೇಗೆ ಅಂತ ಕೇಳಬೇಕು.

ಬಡಗುಬಾಗಿಲು

ಇದೆ, ಮೂರು ಇದೆ. ಸಂಜೆ ಕಳಿಸುತ್ತೇನೆ. ಮೊದಲು ವಾಲಿಯ ಮಾತು ಮಾತ್ರ ಕೇಳಬೇಡಿ, ರಾಮನದೂ ಕೇಳಿ. ರಾಮ ಎಲ್ಲಿ ತಡವರಿಸುತ್ತಾನೆ ಅನ್ನುವುದನ್ನು ಗಮನಿಸಿ. ಮತ್ತೆ ನೀವು ಬರೆದಿದ್ದನ್ನು ಇಲ್ಲಿ ಹಾಕಿ, ಇಂಗ್ಲಿಷ್ ಆದರೂ ಪರವಾಗಿಲ್ಲ, ನಿಧಾನವಾಗಿ ಓದುತ್ತೇನೆ.

ಮೂರನೇಕಣ್ಣು

ನಾನೂ ಓದುತ್ತೇನೆ. ಪೂರ್ತಿ.

ಕೆಂಪುಹಗ್ಗ

ಭಾನುವಾರ ರಾತ್ರಿ 1:10. 2,740 ಪದ ಆಗಿದೆ. ಕೆಮ್ಮಣ್ಣು ಈ ಸಲ ಪೂರ್ತಿ ಮಲಗಿಕೊಂಡೇ ಮಾತಾಡುತ್ತಾನೆ. ಫೈಲ್ ಕೆಳಗೆ ಹಾಕಿದ್ದೇನೆ, ಬೆಳಿಗ್ಗೆ ಏಳರ ಒಳಗೆ ಯಾರಾದರೂ ಓದಿ ಹೇಳಿದರೆ ತಿದ್ದೋಕೆ ಎರಡೂವರೆ ಗಂಟೆ ಸಿಗುತ್ತದೆ.